ಲಿಫ್ಟಿನೊಳಗಿನ ನಿರ್ದೇಶಕರು ಮತ್ತು ಸಕಲ ಪ್ರೊಸೆಸರುಗಳ ಕಂಪೈಲರ್

ತಂತ್ರಾಂಶ ಪೊಟ್ಟಣ ನಿರ್ದೇಶನಾಲಯದ ಕಟ್ಟಡದಲ್ಲಿ ಮೂರನೇ ಮಹಡಿ ಇಲ್ಲ. ಮೊದಲು ಇತ್ತು, ಆಮೇಲೆ ಆದೇಶದ ಮೂಲಕ ಅದನ್ನು ರದ್ದುಪಡಿಸಲಾಯಿತು. ಇದರಿಂದ ಕಟ್ಟಡದ ಎತ್ತರದಲ್ಲಿ ಯಾವ ವ್ಯತ್ಯಾಸವೂ ಆಗಿಲ್ಲವೆಂದು ಎಂಜಿನಿಯರುಗಳು ಅಳೆದು ದೃಢಪಡಿಸಿದ್ದಾರೆ.

ಸಂಗತಿ ಇಷ್ಟೇ. ಮೂರು ಮಹಡಿಯ ಕಟ್ಟಡಕ್ಕೆ ಎರಡು ಕಡೆ ಮೆಟ್ಟಿಲು ಇರಲೇಬೇಕೆಂದು ಅಗ್ನಿಶಾಮಕ ಇಲಾಖೆ ನಮಗೆ ನೋಟಿಸು ಕೊಟ್ಟಿತು. ನಮ್ಮಲ್ಲಿ ಇದ್ದದ್ದು ಒಂದೇ ಕಡೆ. ನಿರ್ದೇಶಕರು ಒಂದು ಮಧ್ಯಾಹ್ನ ಕಣ್ಣು ಮುಚ್ಚಿ ಕೂತು ಯೋಚಿಸಿ, ಮೆಟ್ಟಿಲು ಕಟ್ಟಿಸುವ ಬದಲು ಮೂರನೇ ಮಹಡಿಗೆ ‘ಎರಡನೇ ಮಹಡಿ, ಮೇಲಿನದು’ ಎಂದು ಮರುನಾಮಕರಣ ಮಾಡಿದರು. ಅಗ್ನಿಶಾಮಕದವರು ಬಂದರು, ಮಹಡಿಗಳನ್ನು ಎಣಿಸಿದರು, ಎರಡೇ ಇರುವುದನ್ನು ಕಂಡು ಟೀ ಕುಡಿದು ಹೋದರು. ಆ ಪ್ರಕಟಣೆ ಬರೆದವನು ನಾನೇ. ನಿರ್ದೇಶನಾಲಯದ ಪ್ರಕಟಣೆಗಳನ್ನೆಲ್ಲ ಬರೆಯುವುದೇ ನನ್ನ ಕೆಲಸ. ‘ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ’ ಎಂದು ಒಮ್ಮೆ ಶುರುಮಾಡಿದರೆ ಸಾಕು, ಮುಂದಿನದು ತಾನೇ ಹರಿದು ಬರುತ್ತದೆ. ಮನೆಯಲ್ಲಿ ಮಕ್ಕಳನ್ನು ಊಟಕ್ಕೆ ಕರೆಯುವಾಗಲೂ ನಾನು ಹೀಗೇ ಮಾತಾಡುತ್ತೇನೆಂದು ನನ್ನ ಹೆಂಡತಿಯ ದೂರು.

ಆದೇಶ ಪಾಲನೆಯಲ್ಲಿ ಲಿಫ್ಟು ನಮ್ಮೆಲ್ಲರನ್ನೂ ಮೀರಿಸಿತು. ಅದರ ನಿಯಂತ್ರಣ ಪೆಟ್ಟಿಗೆಯಲ್ಲಿ ಮಹಡಿಗಳ ಹೆಸರು ತಿದ್ದಿದ ಮಾರನೆಯ ಬೆಳಿಗ್ಗೆ ನಿರ್ದೇಶಕರು ಒಳಗೆ ಹೋಗಿ ‘ಎರಡು’ ಎಂಬ ಗುಂಡಿ ಒತ್ತಿದರು. ಎರಡನೇ ಮಹಡಿಗಳು ಎರಡು ಇದ್ದುದರಿಂದ ಲಿಫ್ಟು ಯಾರಿಗೂ ಬೇಸರವಾಗದಂತೆ ಎರಡರ ನಟ್ಟನಡುವೆ ನಿಂತು ಬಾಗಿಲು ತೆರೆಯಿತು. ಕೆಳಗಿನ ಮಹಡಿಯಲ್ಲಿ ನಿಂತಿದ್ದ ನಮಗೆ ನಿರ್ದೇಶಕರು ಮೊಣಕಾಲಿನಿಂದ ಕೆಳಗೆ ಮಾತ್ರ ಕಂಡರು. ಮೇಲಿನ ಮಹಡಿಯವರಿಗೆ ಬೋಳುತಲೆ ಮಾತ್ರ ಕಂಡಿತು. ಆಮೇಲೆ ಯಾವ ಗುಂಡಿ ಒತ್ತಿದರೂ ಲಿಫ್ಟು ಅಲುಗಲಿಲ್ಲ.

ಲಿಫ್ಟಿನ ಮೇಸ್ತ್ರಿ ಓಡಿ ಬಂದ. ಬರುವಾಗಲೇ ಒಂದು ಸ್ಟೂಲು ಎತ್ತಿಕೊಂಡು ಬಂದಿದ್ದ.

“ಸಾರ್, ಇದರ ಮೇಲೆ ಕಾಲಿಟ್ಟು ಇಳಿದುಬಿಡಿ. ನಾನು ಹಿಡ್ಕೋತೀನಿ.”

ಸ್ವಲ್ಪ ಹೊತ್ತು ಬೂಟುಗಳು ಅತ್ತಿತ್ತ ಓಡಾಡಿದವು. ಬಳಿಕ ಅವುಗಳ ಮೇಲಿನಿಂದ ಪ್ರಶ್ನೆ ಬಂತು. “ಇಳಿದ್ರೆ ನಾನು ಎಲ್ಲಿರ್ತೀನಿ?”

“ಎರಡನೇ ಮಹಡೀಲಿ, ಸಾರ್.”

“ನಾನು ಹೊರಟಿದ್ದು ಎರಡನೇ ಮಹಡಿ, ಮೇಲಿನದಕ್ಕೆ. ಕೆಳಗಡೆ ಗೇಟಲ್ಲಿ ಹಾಜರಿ ಒತ್ತಿದೀನಿ. ಹೊರಟವನು ತಲುಪೋ ತನಕ ನಿಯಮದ ಪ್ರಕಾರ ಏನಾಗಿರ್ತಾನೆ?”

ಮೇಸ್ತ್ರಿ ನನ್ನ ಮುಖ ನೋಡಿದ. ನಿಯಮಗಳು ನನಗೆ ಬಾಯಿಪಾಠ. “ಪ್ರವಾಸದಲ್ಲಿರ್ತಾನೆ, ಸಾರ್,” ಎಂದೆ.

ಬೂಟುಗಳು ನಿಂತವು. ನಿರ್ದೇಶಕರ ತಲೆಗೆ ಏನು ಹೊಳೆಯಿತೆಂಬುದು ಅಲ್ಲಿದ್ದ ಎಲ್ಲರಿಗೂ ಹೊಳೆಯಿತು. ಅವರ ಸೇವೆಗೆ ಆ ತಿಂಗಳೇ ಕೊನೆ. ಪ್ರವಾಸದಲ್ಲಿರುವ ಅಧಿಕಾರಿಗೆ ನಿವೃತ್ತಿ ಆದೇಶ ಜಾರಿ ಮಾಡುವಂತಿಲ್ಲ. ಅವರು ಮರಳಿ ಬಂದು ಕೊಠಡಿಯಲ್ಲಿ ಕೂತ ಮೇಲೆಯೇ ಕೈಗೆ ಕೊಡಬೇಕು.

“ಸ್ಟೂಲು ತಗೊಂಡು ಹೋಗಪ್ಪಾ,” ಎಂದರು ನಿರ್ದೇಶಕರು ಬಹಳ ಮೃದುವಾಗಿ. “ನನಗೊಂದು ಕುರ್ಚಿ ಕಳಿಸು.”

ಹೀಗೆ ಪ್ರವಾಸ ಆರಂಭವಾಯಿತು.

ನಮ್ಮಲ್ಲಿ ಪ್ರೋಗ್ರಾಂಗಳನ್ನು ಪೊಟ್ಟಣ ಕಟ್ಟುವ ಒಬ್ಬ ಎಂಜಿನಿಯರ್ ಇದ್ದರು. ಪೊಟ್ಟಣವೆಂದರೆ ಕಾಗದ ದಾರದ್ದಲ್ಲ. ಒಂದು ಪ್ರೋಗ್ರಾಮು ಯಾವ ಸರ್ಕಾರಿ ಗಣಕಕ್ಕೆ ಹೋದರೂ ತಾನೇ ಬಿಚ್ಚಿಕೊಂಡು, ತನ್ನ ಸಾಮಾನುಗಳನ್ನು ಅವವುಗಳ ಜಾಗದಲ್ಲಿ ಇಟ್ಟುಕೊಂಡು, ಯಾರಿಗೂ ತೊಂದರೆ ಕೊಡದೆ ಕೆಲಸ ಶುರುಮಾಡುವಂತೆ ಅಣಿಗೊಳಿಸುವುದು. ಎಲ್ಲರೂ ಅವರನ್ನು ಪೊಟ್ಟಣ ಮೇಡಂ ಎನ್ನುತ್ತಿದ್ದರು. ಹುಬ್ಬು ಗಂಟಿಕ್ಕಿ ಪರದೆ ನೋಡುವುದು, ಮಧ್ಯೆ ಮಧ್ಯೆ ತಮ್ಮಷ್ಟಕ್ಕೆ ನಗುವುದು, ಇವೆರಡೇ ಅವರ ಅಭ್ಯಾಸ. ಲಿಫ್ಟು ನಿಂತ ದಿನ ಅವರು ಟೀ ಆರುವುದರೊಳಗೆ ತಪ್ಪು ಹುಡುಕಿದರು. ಪ್ರೋಗ್ರಾಮಿನಲ್ಲಿ ಒಂದೇ ಸಾಲು ಬದಲಿಸಬೇಕಿತ್ತು.

ಬದಲಿಸಿದ ಸಾಲು ಲಿಫ್ಟಿಗೆ ಅರ್ಥವಾಗಬೇಕಾದರೆ ಕಂಪೈಲರ್ ಬೇಕು. ಮನುಷ್ಯರು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಮು ಅದು. ನಮ್ಮ ಮೇಜಿನ ಗಣಕದ ಪ್ರೊಸೆಸರ್, ಅಂದರೆ ಅದರ ಮಿದುಳು, ಒಂದು ಜಾತಿಯದು, ಲಿಫ್ಟಿನ ಪೆಟ್ಟಿಗೆಯಲ್ಲಿರುವುದು ಇನ್ನೊಂದು ಜಾತಿಯದು. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು. ನಮ್ಮ ಗಣಕದಲ್ಲಿ ಕೂತು ಲಿಫ್ಟಿನ ಪ್ರೊಸೆಸರಿಗಾಗಿ ದುಡಿಯುವ ಕಂಪೈಲರಿಗೆ ಕ್ರಾಸ್ ಕಂಪೈಲರ್ ಎನ್ನುತ್ತಾರೆ. ನಮ್ಮ ಮನೆಯ ಒಲೆಯಲ್ಲಿ ಬೀಗರ ಬಾಯಿರುಚಿಗೆ ಅಡುಗೆ ಮಾಡಿ ಕಳಿಸುವ ಹಾಗೆ. ಉಪ್ಪು ಎಷ್ಟೆಂದು ನಾವು ನೋಡುವಂತಿಲ್ಲ, ಅವರು ಉಂಡ ಮೇಲೆಯೇ ಗೊತ್ತಾಗುವುದು.

ಪೊಟ್ಟಣ ಮೇಡಂ ಹತ್ತಿರ ಅಂಥದೊಂದು ಕಂಪೈಲರ್ ಆಗಲೇ ಇತ್ತು. ಅವರು ಲಿಫ್ಟಿನ ಕೆಳಗೆ ನಿಂತು ಕೂಗಿ ಹೇಳಿದರು. “ಸಾರ್, ಎಲ್ಲಾ ಸಿದ್ಧ. ಹಾಕಿದ್ರೆ ಈಗಲೇ ಮೇಲೆ ಹೋಗುತ್ತೆ.”

“ಪೊಟ್ಟಣ ಆಗಿದೆಯೇನಮ್ಮಾ?”

“ಇದು ನನ್ನ ಗಣಕದಲ್ಲೇ ಇರೋದು ಸಾರ್. ಒಂದೇ ಸಲದ ಕೆಲಸ.”

“ಛೆ ಛೆ. ನಾವೇ ಪೊಟ್ಟಣ ನಿರ್ದೇಶನಾಲಯ. ನಾವೇ ಪೊಟ್ಟಣವಿಲ್ಲದ ಕಂಪೈಲರ್ ಬಳಸಿದ್ರೆ ಜನ ಏನಂತಾರೆ? ಮೊದಲು ಪೊಟ್ಟಣ ಕಟ್ಟಿ. ಮತ್ತೆ ಲಿಫ್ಟಿನ ಪ್ರೊಸೆಸರ್‌ಗೆ ಮಾತ್ರ ಕಟ್ಟಿದ್ರೆ ಉಳಿದ ಪ್ರೊಸೆಸರ್‌ಗಳಿಗೆ ಅನ್ಯಾಯ ಆಗಲ್ವಾ? ಎಲ್ಲಾ ಪ್ರೊಸೆಸರ್‌ಗೂ ಕಟ್ಟಿ. ಎಲ್ಲಾದರಿಂದ ಎಲ್ಲಾದಕ್ಕೂ ಕಟ್ಟಿ.”

ಪೊಟ್ಟಣ ಮೇಡಂ ನಗಲಿಲ್ಲ. ಚೀಲದಿಂದ ಒಂದು ಹಾಳೆ ತೆಗೆದು ಬೂಟುಗಳ ಪಕ್ಕದಲ್ಲಿಟ್ಟರು. “ಸಾರ್, ಹಾಗಾದ್ರೆ ನನ್ನ ರಜೆ ಅರ್ಜಿಗಾದರೂ ಒಂದು ಸಹಿ ಹಾಕಿ. ನಮ್ಮಮ್ಮನಿಗೆ ಕಣ್ಣಿನ ಪೊರೆ ತೆಗೆಸಬೇಕು. ಇಬ್ಬರೇ ಇರೋದು ನಾವು, ಬೇರೆ ಯಾರೂ ಇಲ್ಲ.”

“ಪ್ರವಾಸದಲ್ಲಿರೋ ಅಧಿಕಾರಿ ಬೇರೆಯವರ ರಜೆ ಮಂಜೂರು ಮಾಡೋ ಹಾಗಿಲ್ಲಮ್ಮ. ಲಿಫ್ಟು ಹತ್ತಲಿ, ಮೊದಲ ಸಹಿ ನಿಮ್ಮದೇ.” ಹಾಳೆ ಹಾಗೇ ವಾಪಸು ಜಾರಿ ಬಂತು.

ಮೆಟ್ಟಿಲ ಮೇಲೆ ಕೂತು ಅವರು ತಾಯಿಗೆ ಫೋನು ಮಾಡಿದರು. ಪಕ್ಕದಲ್ಲಿದ್ದ ನನಗೂ ಆ ಕಡೆಯ ದನಿ ಕೇಳಿಸಿತು. “ಅದಕ್ಯಾಕೆ ಅಳ್ತೀಯೆ? ಇನ್ನೊಂದು ಕಣ್ಣು ಇದೆಯಲ್ಲ ನನಗೆ. ನಿಧಾನಕ್ಕೆ ಬಾ. ಬರುವಾಗ ತೆಳ್ಳಗೆ ಬರಬೇಡ, ಉಂಡ್ಕೊಂಡು ಬಾ.”

ಮಾರನೆಯ ದಿನ ನಾನು ಬರೆದ ಪ್ರಕಟಣೆ ಹೀಗಿತ್ತು: ‘ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಈಗ ಇರುವ, ಹಿಂದೆ ಇದ್ದ ಮತ್ತು ಇದ್ದಿರಬಹುದಾದ ಎಲ್ಲ ಪ್ರೊಸೆಸರುಗಳಿಗೂ ಕಂಪೈಲರ್ ಪೊಟ್ಟಣ ಕಟ್ಟಲಾಗುವುದು. ತನ್ನಿಂದ ತನಗೇ ಕಂಪೈಲ್ ಮಾಡಿಕೊಳ್ಳಲು ಇಚ್ಛಿಸುವ ಪ್ರೊಸೆಸರುಗಳು ಪ್ರತ್ಯೇಕ ಅರ್ಜಿ ಸಲ್ಲಿಸತಕ್ಕದ್ದು.’

ಮೊದಲ ತೊಡಕು ಹೆಸರಿನದು. ಎಲ್ಲ ಕಂಪೈಲರುಗಳೂ ಒಂದೇ ಹೆಸರಿನ ಕಡತವನ್ನು ಒಂದೇ ಜಾಗದಲ್ಲಿ ಇಡಲು ಬಂದವು. ಒಂದು ಬಂದು ಕೂತರೆ ಇನ್ನೊಂದು ಅದನ್ನು ತಳ್ಳಿ ಕೂರುತ್ತಿತ್ತು, ಬಸ್ಸಿನ ಸೀಟಿನ ಹಾಗೆ. ಅದಕ್ಕಾಗಿ ಪೊಟ್ಟಣ ಮೇಡಂ ಪ್ರತಿಯೊಂದಕ್ಕೂ ಉದ್ದನೆಯ ಹೆಸರಿಟ್ಟರು: ಮೊದಲು ಪ್ರೊಸೆಸರ್, ಆಮೇಲೆ ತಯಾರಕರು, ಆಮೇಲೆ ಗಣಕವನ್ನು ನಡೆಸುವ ಕಾರ್ಯವ್ಯವಸ್ಥೆ. ತಯಾರಕರು ಯಾರೆಂದು ತಿಳಿಯದಿದ್ದರೆ ‘ಅಪರಿಚಿತ’ ಎಂದು ಬರೆಯುವುದು ಈ ಕಸುಬಿನಲ್ಲಿ ವಾಡಿಕೆ. ಹೆಚ್ಚಿನವಕ್ಕೆ ತಯಾರಕರು ಅಪರಿಚಿತರೇ.

ಭದ್ರತಾ ಶಾಖೆಯ ಅಧಿಕಾರಿ ಪಟ್ಟಿ ಓದಿ ಬೆವರಿದರು. “ಯಾರ್ರೀ ಈ ಅಪರಿಚಿತ? ಎಲ್ಲಾ ಕಂಪೈಲರಲ್ಲೂ ಇವನೇ ಇದಾನಲ್ಲ!”

“ಯಾರೂ ಅಲ್ಲ ಸಾರ್,” ಎಂದರು ಪೊಟ್ಟಣ ಮೇಡಂ.

“ಯಾರೂ ಅಲ್ಲದವನು ಇಷ್ಟು ಕಡೆ ಇರ್ತಾನೇನ್ರೀ? ಒಂದ್ಸಲ ಕಚೇರಿಗೆ ಬಂದು ಗುರುತಿನ ಚೀಟಿ ತೋರಿಸಲಿ.”

ಅಪರಿಚಿತನಿಗೆ ಹಾಜರಾಗುವಂತೆ ಸೂಚನೆ ಹೋಯಿತು. ಸ್ವಾಗತ ಕೊಠಡಿಯಲ್ಲಿ ಅವನಿಗೊಂದು ಕುರ್ಚಿ ಹಾಕಿ ಫ್ಯಾನು ತಿರುಗಿಸಿಟ್ಟರು. ಅವನು ಬರಲಿಲ್ಲ. ಬರದಿರುವುದರಿಂದ ಅವನು ಅಪರಿಚಿತನೆಂಬುದು ಸಾಬೀತಾಗಿದೆಯೆಂದು ಭದ್ರತಾ ಅಧಿಕಾರಿಗಳು ಕೊನೆಗೆ ಷರಾ ಬರೆದು ಒಪ್ಪಿಗೆ ಕೊಟ್ಟರು. ಕುರ್ಚಿಯನ್ನು ಮಾತ್ರ ತೆಗೆಯಲಿಲ್ಲ. ಹೋಗುವವರು ಬರುವವರು ಅದಕ್ಕೆ ಕೈ ಮುಗಿಯುವುದನ್ನು ನಾನು ನೋಡಿದ್ದೇನೆ. ಮೇಲಿನಿಂದ ಬಂದ ಯಾರೋ ದೊಡ್ಡವರ ಜಾಗವೆಂದು ಅವರ ಎಣಿಕೆ.

ಎರಡನೆಯ ತೊಡಕು ಅಕ್ಕತಂಗಿಯರದು. ಕಂಪೈಲರ್ ಶಾಖೆಗೆ ಅಕ್ಕ ಮುಖ್ಯಸ್ಥೆ, ಲೈಬ್ರರಿ ಶಾಖೆಗೆ ಅವರ ಸ್ವಂತ ತಂಗಿ. ಲೈಬ್ರರಿ ಎಂದರೆ ಪುಸ್ತಕದ್ದಲ್ಲ. ಎಲ್ಲ ಪ್ರೋಗ್ರಾಂಗಳೂ ಕೈಗಡ ತೆಗೆದುಕೊಳ್ಳುವ ಸಿದ್ಧ ತುಣುಕುಗಳ ಭಂಡಾರ. ಹೊಸ ಪ್ರೊಸೆಸರಿಗೆ ಲೈಬ್ರರಿ ತಯಾರಾಗಬೇಕಾದರೆ ಮೊದಲು ಅದರ ಕಂಪೈಲರ್ ಇರಬೇಕು. ಕಂಪೈಲರ್ ಪೂರ್ತಿಯಾಗಬೇಕಾದರೆ ಮೊದಲು ಲೈಬ್ರರಿ ಇರಬೇಕು. ಇದು ಎಲ್ಲ ದೇಶಗಳಲ್ಲೂ ಹೀಗೇ. ಆದರೆ ಬೇರೆ ದೇಶಗಳಲ್ಲಿ ಅಕ್ಕತಂಗಿಯರು ಮಾತು ಬಿಟ್ಟಿರುವುದಿಲ್ಲ. ನಮ್ಮವರು ತಾಯಿಯ ಹೊಲಿಗೆ ಯಂತ್ರ ಯಾರಿಗೆ ಸೇರಬೇಕೆಂಬ ವಿಷಯದಲ್ಲಿ ಮಾತು ಬಿಟ್ಟು ವರ್ಷಗಳಾಗಿದ್ದವು. ಒಂದೇ ಮೇಜಿನ ಆಚೀಚೆ ಕೂತಿದ್ದರೂ ಮಾತುಕತೆಯೆಲ್ಲ ನನ್ನ ಮೂಲಕ ನಡೆಯಬೇಕಿತ್ತು.

“ಅವಳಿಗೆ ಹೇಳ್ರೀ,” ಎಂದರು ಅಕ್ಕ, “ಮೊದಲು ಲೈಬ್ರರಿ ಕೊಡಲಿ, ಆಮೇಲೆ ನಾನು ಕಂಪೈಲರ್ ಕೊಡ್ತೀನಿ.”

ನಾನು ತಂಗಿಯ ಕಡೆ ತಿರುಗಿದೆ. “ಕೇಳಿಸ್ತು,” ಎಂದರು ತಂಗಿ. “ಕೇಳಿಸಿಲ್ಲ ಅಂತ ಹೇಳಿ. ಮೊದಲು ಕಂಪೈಲರ್ ಬರಲಿ. ದೊಡ್ಡವರು ಮೊದಲು ಕೊಡಬೇಕು. ಹೊಲಿಗೆ ಯಂತ್ರದಲ್ಲೂ ಅಷ್ಟೇ, ಕೊಡೋ ಬುದ್ಧಿ ಇದ್ದಿದ್ರೆ...”

“ಯಂತ್ರದ ಸುದ್ದಿ ಎತ್ತಬೇಡ ಅನ್ರೀ ಅವಳಿಗೆ!”

“ಎತ್ತೋದೇನು, ಹೊತ್ಕೊಂಡು ಹೋಗಿದ್ದು ಯಾರು ಅಂತ ಕೇಳ್ರೀ!”

ನಾನು ಎರಡನ್ನೂ ಸರಿಯಾದ ಭಾಷೆಯಲ್ಲಿ ಪರಸ್ಪರರಿಗೆ ತಿಳಿಯಪಡಿಸಿದೆ. ಇಬ್ಬರೂ ಅತ್ತರು. ಕರವಸ್ತ್ರ ಒಂದೇ ಇತ್ತು, ಅದೂ ನನ್ನದು. ಅದನ್ನೂ ನನ್ನ ಮೂಲಕವೇ ಹಸ್ತಾಂತರಿಸಿದರು.

ಪೊಟ್ಟಣ ಮೇಡಂ ಇದಕ್ಕೊಂದು ದಾರಿ ಹುಡುಕಿದರು. ಬೇರೇನೂ ಬಾರದ, ಲೈಬ್ರರಿಯನ್ನು ಮಾತ್ರ ತಯಾರಿಸಬಲ್ಲ ಒಂದು ಅರೆಕಂಪೈಲರನ್ನು ಮೊದಲು ಕಟ್ಟುವುದು. ಅದರಿಂದ ಲೈಬ್ರರಿ, ಲೈಬ್ರರಿಯಿಂದ ಪೂರ್ಣ ಕಂಪೈಲರ್. ಕೆಲಸ ಮುಗಿದ ಮೇಲೆ ಅರೆಕಂಪೈಲರನ್ನು ಅಳಿಸಿಹಾಕುವುದು. ಯಾರೂ ಮೊದಲು ಕೊಟ್ಟ ಹಾಗಾಗುವುದಿಲ್ಲವೆಂದು ಅಕ್ಕತಂಗಿ ಇಬ್ಬರೂ ಒಪ್ಪಿದರು. ನೌಕರರ ಸಂಘ ಒಪ್ಪಲಿಲ್ಲ. ತಾತ್ಕಾಲಿಕವಾಗಿ ದುಡಿಸಿಕೊಂಡು, ಕೆಲಸವಾದ ಮೇಲೆ ಅಳಿಸಿಹಾಕುವುದೆಂದರೇನು? ಸಂಘದವರು ಒಂದು ಮಧ್ಯಾಹ್ನ ಬಾಗಿಲಲ್ಲಿ ಕೂತು ‘ಅರೆಕಂಪೈಲರನ್ನು ಖಾಯಂ ಮಾಡಿ’ ಎಂದು ಕೂಗಿದರು. ಘೋಷಣೆಗೆ ಒಳ್ಳೆಯ ಲಯವಿದ್ದುದರಿಂದ ನಿರ್ದೇಶಕರು ಲಿಫ್ಟಿನೊಳಗೇ ತಾಳ ಹಾಕಿ, ಬೇಡಿಕೆ ಒಪ್ಪಿದರು. ಇಂದಿಗೂ ಪ್ರತಿ ಪೊಟ್ಟಣದೊಳಗೆ ಒಂದು ಅರೆಕಂಪೈಲರ್ ಇದೆ. ಅದಕ್ಕೆ ಕೆಲಸವಿಲ್ಲ. ಬಡ್ತಿ ಮಾತ್ರ ಆಗುತ್ತಿದೆ.

ಮೂರನೆಯದು ಪರೀಕ್ಷೆ. ಕಂಪೈಲರ್ ಸರಿಯಿದೆಯೋ ಇಲ್ಲವೋ ಎಂದು ತಿಳಿಯಲು ಆಯಾ ಪ್ರೊಸೆಸರಿನ ಮೇಲೆಯೇ ಓಡಿಸಿ ನೋಡಬೇಕು. ಆದರೆ ಹಳೆಯ ಎಷ್ಟೋ ಪ್ರೊಸೆಸರುಗಳು ಲೋಕದಲ್ಲಿ ಉಳಿದೇ ಇರಲಿಲ್ಲ. ಇಂಥ ಕಡೆ ಒಂದು ಗಣಕ ಇನ್ನೊಂದರ ವೇಷ ಹಾಕಿ ನಟಿಸುವ ಪದ್ಧತಿ ಇದೆ, ಅದೇ ಸಾಕು ಎಂದು ಪೊಟ್ಟಣ ಮೇಡಂ ಟಿಪ್ಪಣಿ ಬರೆದರು. ‘ನಟಿಸುವ’ ಎಂಬ ಪದ ಕಂಡದ್ದೇ ನಿರ್ದೇಶಕರು ದಾಖಲೆ ಶಾಖೆಯ ನಾಟಕದ ಗುಮಾಸ್ತನನ್ನು ನೇಮಿಸಿದರು. ಈತ ಹವ್ಯಾಸಿ ನಟ. ರಂಗದ ಮೇಲೆ ಸಿಕ್ಕಿದ್ದು ಬರೀ ಬಾಗಿಲು ತೆರೆಯುವ ಪಾತ್ರಗಳು. ಒಂದು ದೊಡ್ಡ ಪಾತ್ರಕ್ಕಾಗಿ ಜೀವಮಾನವೆಲ್ಲ ಕಾದಿದ್ದ.

ಅವನು ಶಾಲು ಹೊದ್ದು ಬಂದ. ಪೊಟ್ಟಣ ಮೇಡಂ ಬೇರೆ ದಾರಿ ಕಾಣದೆ ಮೊದಲ ಆಜ್ಞೆ ಓದಿದರು. “ಎರಡು ಮತ್ತು ಮೂರು ಕೂಡಿಸು.”

ಗುಮಾಸ್ತ ಕಣ್ಣು ಮುಚ್ಚಿದ. “ಮೇಡಂ, ಸಂಖ್ಯೆನ ಎಡದಿಂದ ಓದ್ಲಾ, ಬಲದಿಂದ ಓದ್ಲಾ? ಕೆಲವು ಪ್ರೊಸೆಸರ್‌ಗಳು ತಲೆಯಿಂದ ಶುರು ಮಾಡ್ತವೆ, ಕೆಲವು ಬಾಲದಿಂದ ಅಂತ ನೀವೇ ಹೇಳಿದ್ರಿ.”

“ಒಂದೇ ಅಂಕಿ ಕಣ್ರೀ. ಎಲ್ಲಿಂದ ಓದಿದ್ರೂ ಅದೇ.”

“ಹಾಗನ್ಬೇಡಿ. ಪಾತ್ರದೊಳಗೆ ಇಳೀಬೇಕು.” ಅವನು ಉಸಿರು ಎಳೆದುಕೊಂಡ. ಹಣೆಯ ನರ ಉಬ್ಬಿತು. ಕೋಣೆಯಲ್ಲಿ ಎಲ್ಲರೂ ತುದಿಗಾಲಲ್ಲಿ ನಿಂತರು. “ಐದು,” ಎಂದ ಕೊನೆಗೆ, ಗದ್ಗದ ಕಂಠದಲ್ಲಿ. ಚಪ್ಪಾಳೆ ಬಿತ್ತು. ಅಕ್ಕ ತಂಗಿಯ ಕಡೆ ನೋಡದೆಯೇ ಕಣ್ಣೊರೆಸಿಕೊಂಡರು.

ನಂತರ ಕಳೆಯುವ ಆಜ್ಞೆ ಬಂತು. ಆ ಹಳೆಯ ಪ್ರೊಸೆಸರಿಗೆ ಕೂಡಿಸುವುದಷ್ಟೇ ಬರುತ್ತಿತ್ತು, ನೇರವಾಗಿ ಕಳೆಯಲು ಬರುತ್ತಿರಲಿಲ್ಲ. ಗುಮಾಸ್ತ ಆ ಅಸಹಾಯಕತೆಯನ್ನು ಎಷ್ಟು ಚೆನ್ನಾಗಿ ತೋರಿಸಿದನೆಂದರೆ ಟೀ ಕೊಡಲು ಬಂದವರು ತಟ್ಟೆ ಹಿಡಿದುಕೊಂಡೇ ನಿಂತುಬಿಟ್ಟರು. ದೊಡ್ಡ ಗುಣಾಕಾರ ಬಂದಾಗ ಅವನು ಬಿಸಿಯಾಗಿ ಕುಸಿದ. ಫ್ಯಾನಿನ ಕೆಳಗೆ ಮಲಗಿಸಬೇಕಾಯಿತು. ಊಟದ ಹೊತ್ತಿಗೆ ‘ಪ್ರೊಸೆಸರ್ ಸ್ಥಗಿತಗೊಂಡಿದೆ’ ಎಂದು ತಾನೇ ಘೋಷಿಸಿ ಡಬ್ಬಿ ಬಿಚ್ಚುತ್ತಿದ್ದ. ಅವನು ಮನೆಗೂ ಬಲಗಡೆಯಿಂದ ಓದುವ ಅಭ್ಯಾಸವನ್ನೇ ಹೊತ್ತುಕೊಂಡು ಹೋದದ್ದರಿಂದ ಅವನ ಹೆಂಡತಿ ಅಂಗಡಿ ಚೀಟಿಗಳನ್ನು ತಿರುಗುಮುರುಗಾಗಿ ಬರೆಯಲು ಕಲಿತಳಂತೆ. ಪರೀಕ್ಷೆಯ ಫಲಿತಾಂಶ: ಎಲ್ಲ ಪ್ರೊಸೆಸರುಗಳೂ ತೇರ್ಗಡೆ, ಅಭಿನಯಕ್ಕೆ ವಿಶೇಷ ಮೆಚ್ಚುಗೆ.

ಈ ನಡುವೆ ನಿರ್ದೇಶಕರ ಪ್ರವಾಸ ಸೊಗಸಾಗಿ ಸಾಗಿತ್ತು. ಲಿಫ್ಟಿಗೆ ಪರದೆ ಬಂತು, ದಿಂಬು ಬಂತು, ಗೋಡೆ ಗಡಿಯಾರ ಬಂತು. ಪ್ರವಾಸ ಭತ್ಯೆಯೂ ಬಂತು. ಕಡತಗಳು ಕೆಳಗಿನ ಸಂದಿನಿಂದ ಹೋಗಿ ಮೇಲಿನ ಸಂದಿನಿಂದ ಬರುತ್ತಿದ್ದವು. ಎಂದೂ ಇಷ್ಟು ವೇಗವಾಗಿ ಓಡಾಡಿದ್ದಿಲ್ಲ ಎಂದು ಎಲ್ಲರೂ ಹೊಗಳಿದರು. ತಿಂಗಳ ಕೊನೆ ಬಂತು, ಹೋಯಿತು. ಹೊಸ ನಿರ್ದೇಶಕರು ಬಂದು, ನಿವೃತ್ತಿ ಆದೇಶ ಕೈಯಲ್ಲಿ ಹಿಡಿದು, ಮೇಲಿನ ಕೊಠಡಿಯ ಹೊರಗೆ ಬೆಂಚಿನ ಮೇಲೆ ಕೂತರು. ಹಳಬರು ತಲುಪುವ ತನಕ ಅವರೂ ಒಳಗೆ ಹೋಗುವಂತಿರಲಿಲ್ಲ.

ನಿರ್ದೇಶಕರ ಹೆಂಡತಿ ದಿನವೂ ಬುತ್ತಿ ತರುತ್ತಿದ್ದರು. ಒಂದು ದಿನ ನಾನು ಸಹಿಗೆ ಕಾಯುತ್ತಿದ್ದಾಗ ಇಬ್ಬರೂ ಮಾತಾಡುವುದು ಕೇಳಿಸಿತು.

“ಮನೆಗೆ ಬರೋ ಯೋಚನೆ ಇದೆಯೋ ಇಲ್ವೋ?”

“ಬಂದು ಏನು ಮಾಡ್ಲಿ ಹೇಳು.” ಬೂಟಿಲ್ಲದ ಪಾದಗಳು ಒಂದರ ಮೇಲೊಂದು ಕೂತವು. “ಅಲ್ಲಿ ನನಗೆ ಯಾವ ಶಾಖೆ ಇದೆ? ಅಡುಗೆಮನೆ ನಿಂದು, ಟೀವಿ ಮಗನದು. ಬೆಳಿಗ್ಗೆ ಎದ್ದು ಯಾರಿಗೆ ಸಹಿ ಹಾಕ್ಲಿ?”

ಆಕೆ ಸಂದಿನಲ್ಲಿ ಕೈ ಹಾಕಿ ಅವರ ಪಾದದ ಬೆರಳು ಹಿಂಡಿದರು. “ಚಳಿಗೆ ಕಾಲುಚೀಲ ತಂದಿದೀನಿ, ಹಾಕ್ಕೊಳ್ಳಿ,” ಎಂದರು. ಆಮೇಲೆ ದನಿ ತಗ್ಗಿಸಿ, “ಅಂದಹಾಗೆ ನನ್ನ ತಮ್ಮ ಮರದ ಕಾರ್ಖಾನೆ ಶುರು ಮಾಡಿದಾನಲ್ಲ, ಸ್ಟೂಲು ಮಾಡಿ ರಾಶಿ ಹಾಕ್ಕೊಂಡಿದಾನೆ, ಕೇಳೋರಿಲ್ಲ. ನಿಮ್ಮ ಕೈಲಿ ಏನಾದ್ರೂ ಆಗುತ್ತಾ ನೋಡಿ,” ಎಂದರು.

ಕೊನೆಗೂ ಪೊಟ್ಟಣಗಳೆಲ್ಲ ಸಿದ್ಧವಾದವು. ಇನ್ನು ತಡಮಾಡಲು ಒಂದು ನಿಯಮವೂ ಉಳಿದಿರಲಿಲ್ಲ, ಇದ್ದವನ್ನೆಲ್ಲ ಬಳಸಿಯಾಗಿತ್ತು. ಪೊಟ್ಟಣ ಮೇಡಂ ಇಡೀ ಕಚೇರಿಯ ಎದುರಿನಲ್ಲಿ, ಶಾಸ್ತ್ರೋಕ್ತವಾಗಿ ಪೊಟ್ಟಣದಿಂದ ಬಿಚ್ಚಿದ ಕಂಪೈಲರಿನಿಂದ, ಆ ಒಂದು ಸಾಲನ್ನು ಕಂಪೈಲ್ ಮಾಡಿ ಲಿಫ್ಟಿಗೆ ಹಾಕಿದರು. ಲಿಫ್ಟು ಒಮ್ಮೆ ನಡುಗಿತು, ಗಂಟೆ ಹೊಡೆಯಿತು, ಬೆಣ್ಣೆಯಲ್ಲಿ ಕೂದಲು ಎಳೆದಷ್ಟು ನಯವಾಗಿ ಮೇಲೆ ಹೋಯಿತು. ನಾವೆಲ್ಲ ಮೆಟ್ಟಿಲು ಹತ್ತಿ ಓಡಿದೆವು.

ಮೇಲೆ ಬಾಗಿಲು ತೆರೆಯಿತು. ಒಳಗೆ ನಿರ್ದೇಶಕರು ಕಾಲುಚೀಲದಲ್ಲಿ. ಹೊರಗೆ ಹೊಸ ನಿರ್ದೇಶಕರು ಆದೇಶ ಚಾಚಿಕೊಂಡು. ಇಬ್ಬರೂ ನಮಸ್ಕಾರ ಮಾಡಿದರು. ನಮಸ್ಕಾರಕ್ಕೆ ಮುಗಿದ ಕೈಯಿಂದಲೇ ನಿರ್ದೇಶಕರು ‘ಕೆಳಗೆ’ ಎಂಬ ಗುಂಡಿ ಒತ್ತಿದರು.

ಹೊಸಬರು ಮೆಟ್ಟಿಲಿಳಿದು ಓಡಿದರು. ಅವರು ನೆಲಮಹಡಿ ಮುಟ್ಟುವಷ್ಟರಲ್ಲಿ ಲಿಫ್ಟು ಮತ್ತೆ ಮೇಲೆ ಹೊರಟಿತ್ತು. ಅವರು ಹತ್ತಿದರು, ಅದು ಇಳಿಯಿತು. ಸಿಬ್ಬಂದಿ ಮೆಟ್ಟಿಲಿನ ಎರಡೂ ಬದಿಗೆ ಸಾಲಾಗಿ ನಿಂತು ಇಬ್ಬರನ್ನೂ ಸಮಾನವಾಗಿ ಹುರಿದುಂಬಿಸಿದರು. ನಾಟಕದ ಗುಮಾಸ್ತ ನಿರೂಪಣೆ ಮಾಡಿದ. ಅಕ್ಕ ಹಳಬರ ಪರ, ತಂಗಿ ಹೊಸಬರ ಪರ. ಹೊಸಬರು ಟೈ ಸಡಿಲಿಸಿದರು, ಕೋಟು ಬಿಚ್ಚಿದರು, ಆದೇಶವನ್ನು ಹಲ್ಲಿನಲ್ಲಿ ಕಚ್ಚಿಕೊಂಡರು. ನಮ್ಮಲ್ಲಿ ಒಂದೇ ಕಡೆ ಮೆಟ್ಟಿಲು ಇದ್ದದ್ದು ಅವರಿಗೆ ದೊಡ್ಡ ಅನನುಕೂಲವಾಯಿತೆಂದು ತಿಳಿದವರು ಹೇಳುತ್ತಾರೆ.

ಆಗ ಪೊಟ್ಟಣ ಮೇಡಂ ಅವರ ಫೋನು ಬಡಿದುಕೊಂಡಿತು. ಲಿಫ್ಟಿನೊಳಗಿಂದ.

“ಮೇಡಂ!” ನಿರ್ದೇಶಕರು ಏದುಸಿರು ಬಿಡುತ್ತಿದ್ದರು, ನಿಂತಲ್ಲೇ ನಿಂತಿದ್ದರೂ. “ಇದನ್ನ ಮಧ್ಯದಲ್ಲಿ ನಿಲ್ಲಿಸಿ! ಮೊದಲಿನ ಹಾಗೆ!”

“ಅದು ತಪ್ಪಿತ್ತು ಸಾರ್. ಸರಿ ಮಾಡಿದೀನಿ.”

“ತಪ್ಪನ್ನ ವಾಪಸು ಹಾಕಿ!”

ಪೊಟ್ಟಣ ಮೇಡಂ ಕೈಯಲ್ಲಿದ್ದ ಗಣಕದ ಪರದೆ ನೋಡಿದರು. ಹುಬ್ಬಿನ ಗಂಟು ಸಡಿಲವಾಯಿತು. “ತಪ್ಪನ್ನ ಹಾಕೋಕೆ ಆಗಲ್ಲ ಸಾರ್. ಬೇಕಾದ್ರೆ ಎರಡೂವರೆ ಅಂತ ಒಂದು ಮಹಡಿ ಸೇರಿಸಬಹುದು. ಆಗ ಮಧ್ಯದಲ್ಲಿ ನಿಲ್ಲೋದೇ ಸರಿಯಾಗುತ್ತೆ. ಆದ್ರೆ ಅದಕ್ಕೆ ಸಮಿತಿ ಒಪ್ಪಿಗೆ, ಪರೀಕ್ಷೆ, ಭದ್ರತಾ ಶಾಖೆ...”

“ಎಲ್ಲಾ ಒಪ್ಪಿಗೆ! ನಾನೇ ಸಮಿತಿ!”

“ನನ್ನ ರಜೆ?”

“ಮಂಜೂರು!”

“ಬಾಯಿಮಾತಲ್ಲಿ ಆಗಲ್ಲ ಸಾರ್, ನಿಯಮ ಇದೆ.” ಇಷ್ಟು ಹೇಳಿ ಮೇಡಂ ನೆಲಮಹಡಿಗೆ ಹೋಗಿ ನಿಂತರು. ಲಿಫ್ಟು ಬಂತು, ಬಾಗಿಲು ಬಿರಿಯಿತು, ರಜೆ ಅರ್ಜಿ ಒಳಗೆ ಹೋಯಿತು. ಮುಂದಿನ ಸುತ್ತಿನಲ್ಲಿ ಸಹಿಯಾಗಿ ಹೊರಗೆ ಹಾರಿ ಬಂತು. ಮೇಡಂ ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ನಿಂತಲ್ಲೇ ಒಂದು ಸಾಲು ಬರೆದು, ಕಂಪೈಲ್ ಮಾಡಿ, ಪೊಟ್ಟಣ ಕಟ್ಟಿ ಕಳಿಸಿದರು. ಲಿಫ್ಟು ಎರಡೂವರೆಯಲ್ಲಿ ನಿಂತಿತು. ಹೊಸ ನಿರ್ದೇಶಕರು ಮೆಟ್ಟಿಲ ಮೇಲೆ ಮಲಗಿಬಿಟ್ಟರು. ಮೇಡಂ ಅವರನ್ನು ಮೆಲ್ಲಗೆ ದಾಟಿಕೊಂಡು ಹೋಗಿ ಸಂಜೆಯ ಬಸ್ಸು ಹಿಡಿದರು. ತಾಯಿಯ ಎರಡೂ ಕಣ್ಣು ಈಗ ಚೆನ್ನಾಗಿವೆ. ಮಗಳು ತೆಳ್ಳಗಾಗಿರುವುದು ಮೊದಲಿಗಿಂತ ಸ್ಪಷ್ಟವಾಗಿ ಕಾಣುತ್ತಿದೆಯೆಂದು ಬೈದರಂತೆ.

ಪೊಟ್ಟಣದ ಗುಣವೇ ಎಲ್ಲ ಕಡೆ ತಲುಪುವುದು. ಸಕಲ ಪ್ರೊಸೆಸರುಗಳಿಗೂ ಕಂಪೈಲರ್ ಸಿದ್ಧವಿದ್ದುದರಿಂದ ಆ ಹೊಸ ಸಾಲು ರಾತ್ರಿ ಕಳೆಯುವುದರೊಳಗೆ ಸಕಲ ಭಾಷೆಗಳಿಗೂ ತಿರುಗಿಕೊಂಡು ನಗರದ ಸಕಲ ಲಿಫ್ಟುಗಳಿಗೂ ಹೋಗಿ ಬಿಚ್ಚಿಕೊಂಡಿತು. ಯಾವ ಪ್ರೊಸೆಸರಿಗೂ ತಾರತಮ್ಯವಾಗಲಿಲ್ಲ. ಮಾರನೆಯ ಬೆಳಿಗ್ಗೆ ಬ್ಯಾಂಕು, ಅಂಗಡಿ, ಆಸ್ಪತ್ರೆ, ಕೋರ್ಟು, ಎಲ್ಲ ಕಡೆ ಲಿಫ್ಟುಗಳು ಎರಡೂವರೆಯಲ್ಲಿ ನಿಂತು ಗಂಭೀರವಾಗಿ ಬಾಗಿಲು ತೆರೆದವು. ನನ್ನ ಪ್ರಕಟಣೆ ಅಷ್ಟರಲ್ಲಿ ಗೋಡೆಗೆ ಅಂಟಿತ್ತು: ‘ಈ ಮೂಲಕ ಸಮಸ್ತ ನಾಗರಿಕರಿಗೂ ತಿಳಿಯಪಡಿಸುವುದೇನೆಂದರೆ, ನಗರದ ಪ್ರತಿ ಕಟ್ಟಡಕ್ಕೂ ಉಚಿತವಾಗಿ ಅರ್ಧ ಮಹಡಿಯನ್ನು ಮಂಜೂರು ಮಾಡಲಾಗಿದೆ. ಇಳಿಯಲು ಇಚ್ಛಿಸುವವರು ಅಧಿಕೃತ ಮುದ್ರೆಯುಳ್ಳ ಸ್ಟೂಲನ್ನೇ ಬಳಸತಕ್ಕದ್ದು.’

ಮುದ್ರೆಯುಳ್ಳ ಸ್ಟೂಲು ಎಲ್ಲಿ ಸಿಗುತ್ತದೆಂದು ಯಾರೂ ಕೇಳಬೇಕಾಗಲಿಲ್ಲ. ನಿರ್ದೇಶಕರ ಭಾವಮೈದುನ ಈಗ ಎರಡು ಕಾರ್ಖಾನೆ ಇಟ್ಟಿದ್ದಾನೆ.

ಇಬ್ಬರು ನಿರ್ದೇಶಕರ ವ್ಯಾಜ್ಯವೂ ಸಲೀಸಾಗಿ ಬಗೆಹರಿಯಿತು. ಹೊಸಬರು ಪೂರ್ಣ ಮಹಡಿಗಳ ನಿರ್ದೇಶಕರು, ಹಳಬರು ಅರ್ಧ ಮಹಡಿಗಳ ನಿರ್ದೇಶಕರು. ಅರ್ಧ ಮಹಡಿಯ ಹುದ್ದೆಯಲ್ಲಿ ವಯಸ್ಸನ್ನೂ ಅರ್ಧವೇ ಲೆಕ್ಕ ಹಿಡಿಯಬೇಕೆಂದು ಸೇವಾ ಶಾಖೆ ತೀರ್ಮಾನಿಸಿದ್ದರಿಂದ ಹಳಬರಿಗೆ ಇನ್ನೂ ಬಹಳ ಸೇವಾವಧಿ ಉಳಿದಿದೆ. ಹೆಂಡತಿ ಸಂಜೆ ಅಲ್ಲಿಗೇ ಹೆಣಿಗೆ ತಂದು ಕೂರುತ್ತಾರೆ. ಇಬ್ಬರೂ ಎಂದೂ ಇಷ್ಟು ಮಾತಾಡಿದ್ದಿಲ್ಲವಂತೆ.

ಜನ ಬೇಗ ಒಗ್ಗಿಕೊಂಡರು. ಅರ್ಧ ಮಹಡಿಯಲ್ಲಿ ಲಿಫ್ಟು ಒಂದಷ್ಟು ಹೊತ್ತು ನಿಲ್ಲುವುದರಿಂದ ಪೇಪರು ಓದುವುದು, ಸಂಬಂಧ ಕುದುರಿಸುವುದು, ತಲೆ ಬಾಚುವುದು, ಎಲ್ಲ ಅಲ್ಲೇ ನಡೆಯುತ್ತವೆ. ಮೊನ್ನೆ ನಾನು ಪೇಟೆಯ ದೊಡ್ಡ ಬಟ್ಟೆ ಅಂಗಡಿಯ ಲಿಫ್ಟು ಹತ್ತಿದೆ. ಒಳಗೆ ಒಬ್ಬ ವಕೀಲರು, ಮಗುವನ್ನೆತ್ತಿಕೊಂಡ ಒಬ್ಬ ತಾಯಿ, ಟೇಪು ಕೊರಳಿಗೆ ಹಾಕಿದ ಒಬ್ಬ ದರ್ಜಿ. ಎಲ್ಲರೂ ಮಾತಿಗೆ ಅಣಿಯಾಗಿ ಗಂಟಲು ಸರಿಮಾಡಿಕೊಂಡೆವು. ಅಷ್ಟರಲ್ಲಿ ಲಿಫ್ಟು ಎಲ್ಲೂ ನಿಲ್ಲದೆ ಸರ್ರನೆ ಹೋಗಿ ನೇರ ಮೂರನೇ ಮಹಡಿಯಲ್ಲಿ ಬಾಗಿಲು ತೆರೆಯಿತು.

ಯಾರೂ ಇಳಿಯಲಿಲ್ಲ. ತಾಯಿ ಮಗುವನ್ನು ಎದೆಗೆ ಅವುಚಿಕೊಂಡರು.

“ಇದೇನ್ರೀ ಇದು! ಹೀಗೆ ನಿಲ್ಲದೇನೇ ತಲುಪಿಬಿಟ್ರೆ?” ಎಂದರು ದರ್ಜಿ.

“ಸಾಮಾನ್ಯ ಜನರ ಪ್ರಾಣಕ್ಕೆ ಬೆಲೆಯೇ ಇಲ್ಲ,” ಎಂದರು ವಕೀಲರು. “ಹಾಕ್ತೀನಿ ಒಂದು ಕೇಸು.”

ನಾನೇ ದೂರಿನ ಗುಂಡಿ ಒತ್ತಿದೆ. ಅಂಗಡಿಯ ಲಿಫ್ಟಿನ ಮೇಸ್ತ್ರಿ ಹೆಗಲ ಮೇಲೆ ಚೀಲ ಹೊತ್ತು ಓಡೋಡಿ ಬಂದ. “ತಪ್ಪಾಯ್ತು, ತಪ್ಪಾಯ್ತು, ಗಾಬರಿ ಆಗ್ಬೇಡಿ, ಈಗಲೇ ಸರಿ ಮಾಡ್ತೀನಿ,” ಎನ್ನುತ್ತ ಪೆಟ್ಟಿಗೆ ಬಿಚ್ಚಿ ಏನೋ ತಿರುವಿದ. ನಾವು ಉಸಿರು ಬಿಗಿಹಿಡಿದು ನಿಂತೆವು. ಲಿಫ್ಟು ಮೆಲ್ಲಗೆ ಕೆಳಗೆ ಜಾರಿತು, ಎರಡರ ಮೇಲೆ, ಮೂರರ ಕೆಳಗೆ ಬಂದು, ಕಟಕ್ಕನೆ ನಿಂತಿತು. ಮಗು ನಕ್ಕಿತು. ಎಲ್ಲರಿಗೂ ಹೋದ ಜೀವ ಬಂದಂತಾಯಿತು. ದರ್ಜಿ ನೆಲದ ಮೇಲೆ ಕಾಲು ಚಾಚಿ ಕೂತು ವಕೀಲರ ಕೋಟಿನ ತೋಳಿನ ಅಳತೆ ತೆಗೆಯಲು ಶುರುಮಾಡಿದರು.